ಕ್ರಮಸಂಖ್ಯೆ ಎಪ್ಪತ್ತಮೂರು

ಮೊದಲು ಪ್ರವೇಶ ಪರೀಕ್ಷೆ. ಅದು ಆಯಿತು.
ಆಮೇಲೆ ಆರು ತಿಂಗಳ ಕೋರ್ಸ್‌ವರ್ಕ್,
ಸಂಖ್ಯಾಶಾಸ್ತ್ರದಲ್ಲಿ ಒಮ್ಮೆ ಡುಮ್ಕಿ, ಎರಡನೇ ಸಲ ಪಾಸು.
ಬಸ್ಸಿನಲ್ಲಿ ತೊಕ್ಕೊಟ್ಟು ದಾಟುವಾಗ
ನಿಂತುಕೊಂಡೇ ಬಾಯಿಪಾಠ ಮಾಡಿದ ಸೂತ್ರಗಳು
ಕೊಣಾಜೆಯ ಗುಡ್ಡ ಹತ್ತುವಷ್ಟರಲ್ಲಿ ಅರ್ಧ ಉದುರುತ್ತಿದ್ದವು.

"ಶಾಲೆಯ ಮನಶ್ಶಾಸ್ತ್ರ ಅಂದ್ರೆ ಎಂತ ಮಾರಾಯ್ತಿ,
ಮಕ್ಕಳ ಹುಚ್ಚು ಬಿಡಿಸುದಾ?"
ಕೇಳಿದ್ದು ಅತ್ತೆ, ಬೂತಾಯಿಯ ತಲೆ ಚಿವುಟುತ್ತ.
ಅಲ್ಲ ಎಂದೆ. ಮತ್ತೆ ಏನು ಎಂಬುದಕ್ಕೆ ಉತ್ತರ ಇರಲಿಲ್ಲ.
ಈಗ ಮುನ್ನೂರ ಹನ್ನೆರಡು ಪುಟ ಉಂಟು.

ಕಸ್ತೆಲಿನೊ ಮೇಡಂ ಕೆಂಪು ಪೆನ್ನಿನವರು.
"ನೂರಿಪ್ಪತ್ತು ಮಕ್ಕಳು ಬೇಕು. ನೂರ ಹತ್ತೊಂಬತ್ತಾದರೆ
ನನ್ನ ಹತ್ತಿರ ಬರಬೇಡ.
ನಾನೂರು ಗಂಟೆ ಶಾಲೆಯಲ್ಲಿ ಕೂತದ್ದಕ್ಕೆ ಸಹಿ, ಸೀಲು.
ನೈತಿಕ ಸಮಿತಿಯ ಅನುಮತಿ. ಹೆತ್ತವರ ಒಪ್ಪಿಗೆ.
ಮತ್ತೆ, ಯಾವ ಮಗುವಿನ ಹೆಸರೂ ಹೊರಗೆ ಬರಬಾರದು,
ಎಲ್ಲಿಯೂ, ಯಾವತ್ತೂ, ನಿನ್ನ ಗಂಡನ ಎದುರೂ."
ಬರೆದುಕೊಟ್ಟೆ, ಏಳು ಜನರ ಮುಂದೆ.

ಆದ್ದರಿಂದ ಇವನು ಎಪ್ಪತ್ತಮೂರು.

ಬೆಂಗ್ರೆಯ ಶಾಲೆ, ನಾಲ್ಕನೇ ತರಗತಿ, ಕಿಟಕಿಯ ಬದಿ.
ಎರಡು ವರ್ಷದಿಂದ ಶಾಲೆಯೊಳಗೆ ಒಂದಕ್ಷರ ಮಾತಿಲ್ಲ.
"ಮನೆಯಲ್ಲಿ ಪಟಾಕಿ, ಇಲ್ಲಿ ಕಲ್ಲು"
ಎಂದರು ಹೆಡ್ ಟೀಚರ್ ಸುಗುಣ ಪುತ್ರನ್.
ಹಾಜರಿ ಕರೆದಾಗ ಕೈ ಎತ್ತುತ್ತಾನೆ, ಅದೂ ಮೊಣಕೈವರೆಗೆ.

ಅವನ ಉಮ್ಮ ಐಸ್ ಪ್ಲಾಂಟಿನಿಂದ ನೇರ ಬಂದಿದ್ದರು,
ಬೆರಳು ಮರಗಟ್ಟಿ ಪೆನ್ನು ಎರಡು ಸಲ ಜಾರಿತು.
ಒಪ್ಪಿಗೆ ಪತ್ರದ ಆರನೇ ಕಲಮು ಓದಿ ಹೇಳಿದೆ:
ಯಾವಾಗ ಬೇಕಾದರೂ ಹಿಂದೆ ಸರಿಯಬಹುದು.
"ಅದು ಸರಿ ಟೀಚರೇ, ನೀವು ಸರಿಯುದು ಯಾವಾಗ?"
ಕುಶಾಲಿಗೆ ಕೇಳಿದ್ದಲ್ಲ.
ಫಾರ್ಮಿನಲ್ಲಿ ಅದಕ್ಕೆ ಜಾಗ ಬಿಟ್ಟಿರಲಿಲ್ಲ.

ಅವನೆದುರು ಕಾರ್ಡು ಹರಡಿದೆ.
ಎಲ್ಲಿಯೋ ಹಿಮ ಬೀಳುವ ಊರಲ್ಲಿ ಹುಟ್ಟಿದ ಪರೀಕ್ಷೆ;
ಹಿಮ ತೆಗೆದು ಮಳೆ ಹಾಕಿದ್ದೆವು, ಕೈಗವಸು ತೆಗೆದು ಕೊಡೆ.
ಕನ್ನಡಕ್ಕೆ ತರ್ಜುಮೆ, ಅಲ್ಲಿಂದ ಮರುತರ್ಜುಮೆ,
ಮೂವರು ತಜ್ಞರ ಮುದ್ರೆ.
ಅವನ ಮನೆಯ ಬ್ಯಾರಿ ಮಾತನ್ನು
ಯಾವ ತಜ್ಞರಿಗೂ ನಾವು ಕೇಳಿಸಿರಲಿಲ್ಲ.
ಅವನು ಕೊಡೆ ನೋಡಿದ. ನನ್ನ ಕೈಗಡಿಯಾರ ನೋಡಿದ.
ಆಚೆ ಹೊಳೆಯಲ್ಲಿ ಬೋಟು ನೋಡಿದ.
ಸೊನ್ನೆ. ಸೊನ್ನೆ. ಸೊನ್ನೆ.

ಉತ್ತರವಿಲ್ಲದಿದ್ದರೆ ಅಪೂರ್ಣ, ಅಪೂರ್ಣವಾದರೆ ಹೊರಗೆ.
ಬೊಕ್ಕಪಟ್ಣದಿಂದ ಒಬ್ಬಳು ಬಂದಳು, ಪಟಪಟ ಹೇಳಿ ಮುಗಿಸಿದಳು.
ಎಪ್ಪತ್ತಮೂರನ್ನೂ ಅವಳಿಗೇ ಕೊಟ್ಟೆವು.

ಆದರೂ ಗುರುವಾರ ಬೆಂಗ್ರೆಗೆ ಹೋಗುತ್ತಿದ್ದೆ.
ನಾನೂರು ಎಂದೋ ದಾಟಿತ್ತು, ಇವು ಸೀಲಿಲ್ಲದ ಗಂಟೆಗಳು.
ಇಬ್ಬರೂ ಕಿಟಕಿಯಲ್ಲಿ ಬೋಟು ಎಣಿಸುವುದು,
ಅವನು ಬೆರಳಿನಲ್ಲಿ, ನಾನು ಮನಸ್ಸಿನಲ್ಲಿ.
ಅವನ ಲೆಕ್ಕ ಯಾವಾಗಲೂ ಒಂದು ಹೆಚ್ಚು.
ತಿಂಗಳ ಮೇಲೆ ತಿಳಿಯಿತು,
ಕೆಟ್ಟು ದಡಕ್ಕೆ ಎಳೆದಿಟ್ಟದ್ದನ್ನೂ ಅವನು ಸೇರಿಸುತ್ತಿದ್ದ.

ಡಿಸೆಂಬರಿನ ಒಂದು ಸಂಜೆ, ಬಂದರಿಗೆ ಮರಳುವ ಫೆರಿ.
ಅವನೂ ಹತ್ತಿದ, ಉಮ್ಮನ ರಾತ್ರಿಪಾಳಿಯ ಬುತ್ತಿ ಹಿಡಿದು.
ಎಂಜಿನಿನ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳದು.
ನಡುಹೊಳೆಯಲ್ಲಿ, ನನ್ನ ಕಡೆ ನೋಡದೆ,
ಅವನು ತನ್ನ ಹೆಸರು ಹೇಳಿದ.
ಪೂರ್ತಿ ಹೆಸರು, ಹಾಜರಿ ಪುಸ್ತಕದಲ್ಲಿ ಇದ್ದ ಹಾಗೆಯೇ,
ಕೊನೆಗೆ ತಾನೇ "ಬಂದಿದ್ದೇನೆ" ಎಂದೂ ಸೇರಿಸಿ.

ಅದನ್ನು ಎಲ್ಲಿ ಬರೆಯಲಿ?

ಹಂಪನಕಟ್ಟೆಯ ದೂಮಣ್ಣ ಐದು ಪ್ರತಿ ಕಟ್ಟಿಕೊಟ್ಟರು,
ಕಡುನೀಲಿ ರಟ್ಟು, ಚಿನ್ನದ ಬಣ್ಣದಲ್ಲಿ ನನ್ನ ಹೆಸರು.
ಕೃತಿಚೌರ್ಯ ಶೇಕಡಾ ಏಳು, ನಡೆಯುತ್ತದೆ.
ಶುಲ್ಕದ ರಶೀದಿ ಕಳೆದು ಮತ್ತೆ ಸಿಕ್ಕಿತು.

ಮೌಖಿಕ ಪರೀಕ್ಷೆಗೆ ಧಾರವಾಡದಿಂದ ಬಂದವರು
ಕನ್ನಡಕದ ಮೇಲಿಂದ ನೋಡಿ ಕೇಳಿದರು:
"ನಿಮ್ಮ ಅಧ್ಯಯನದ ಮಿತಿಗಳು?"
ಐದನೇ ಅಧ್ಯಾಯ, ಹೇಳತೊಡಗಿದೆ:
ಒಂದೇ ಜಿಲ್ಲೆ, ಮಾದರಿಯ ಗಾತ್ರ, ಭಾಷೆ...
ಅಲ್ಲಿಗೆ ಆ ಹೆಸರು ನಾಲಗೆಯ ತುದಿಗೆ ಬಂದು ಕೂತಿತು.

ಫ್ಯಾನು ತಿರುಗುತ್ತಿತ್ತು. ಮೇಡಂ ಪೆನ್ನಿನ ಮುಚ್ಚಳ ಹಾಕಿದರು.
"ಗಾಬರಿ ಬೇಡಮ್ಮ, ನಿಧಾನ" ಎಂದರು ಅವರು.
ಒಂದು ನಿಮಿಷ ಎನ್ನಲು ಬಾಯಿ ಬರಲಿಲ್ಲ.
ಕೈ ಎತ್ತಿದೆ,
ಮೊಣಕೈವರೆಗೆ.