ಆ ಕಡೆ ಏನಿದೆ

ಅಂಚೆಯ ಮೈಮು ಬೂಟಿನ ಹಿಮ ಒದರಿ ಒಳಬಂದು
ಕೌಂಟರಿನ ಮೇಲಿಟ್ಟಳು ಗೋಡೆಯದೇ ಒಂದು ಚೂರು:
ಬೂದುಬಣ್ಣ, ಅಂಗೈಯಗಲ, ರಸ್ಕಿನಷ್ಟು ಹಗುರ.
"ಇದರಲ್ಲಿ ಏನು ನಿಲ್ಲುತ್ತೆ, ಹೆಲ್ದುರ್?"

ಉಗುರಿನಿಂದ ಗೀರಿದ. ಮೂಸಿದ; ಅದವನ ಚಾಳಿ.
"ನಾರ್ವಾದ ಮಾಲು. ಎಣ್ಣೆಕಲ್ಲಿನ ಬೂದಿ,
ಚಿಟಿಕೆ ಅಲ್ಯುಮಿನಿಯಂ ಪುಡಿ. ಉಳಿದದ್ದು ಗಾಳಿ.
ನಮ್ಮ ವೋರುವಿನ ಎಷ್ಟು ಮನೆ ನಿಂತಿಲ್ಲ
ಇಂಥ ಉಬ್ಬಿದ ಗಾಳಿಯ ಮೇಲೆ!
ಪಟಕ್ಕಾದರೆ ಎರಡು ಮೊಳೆ, ಓರೆಯಾಗಿ.
ಕಪಾಟಿಗೆ ಈ ದಪ್ಪ ಎಳೆಯ ನೈಲಾನ್ ತಿರುಪು.
ಡ್ರಿಲ್ಲನ್ನು ಬರೀ ತಿರುಗಿಸು, ಕುಟ್ಟಿಸಬೇಡ.
ಕುಟ್ಟಿದರೆ ತೂತಲ್ಲ, ಗುಹೆ."

"ನೇತುಹಾಕೋದಕ್ಕಲ್ಲ. ಹಿಡಿದುಕೊಳ್ಳೋದಕ್ಕೆ.
ಸ್ನಾನದ ಮನೆಗೆ. ಸೊಂಟದ ಕೀಲು ಹೊಸದು."
ಪಾರ್ಸೆಲ್ಲಿನ ತೂಕ ಹೇಳುವ ದನಿಯಲ್ಲೇ ಹೇಳಿದಳು:
"ಎಂಬತ್ತಾರು ಕೆಜಿ."

ಆಗ ಹೆಲ್ದುರ್ ಸ್ಟೂಲಿನಿಂದ ಎದ್ದ.
ರಾಳದ ಟ್ಯೂಬು ತೆಗೆದ, ಮತ್ತೆ ಇಟ್ಟ.
ಎಸ್ಟೋನಿಯಾದಲ್ಲಿ ಉಡಗಳಿಲ್ಲ;
ಉಡದ ಪಟ್ಟು ಎಂಬ ಮಾತಿಲ್ಲ ಅವನ ಬಾಯಲ್ಲಿ.
ಆದರೂ ಹುಡುಕುತ್ತಿದ್ದದ್ದು ಅದನ್ನೇ.
"ಜಾರುವಾಗ ಚಾಚಿದ ಕೈ
ಎಂಬತ್ತಾರಕ್ಕೆ ನಿಲ್ಲೋದಿಲ್ಲ, ಮೈಮು.
ಗೋಡೆಯನ್ನು ನಂಬಬೇಡ, ದಾಟಿಬಿಡು.
ಇತ್ತಲಿಂದ ಅತ್ತ ಸರಳು. ಅತ್ತ ಅಗಲ ತಗಡು, ನಟ್ಟು.
ಆ ಕಡೆ ಏನಿದೆ?"

ಆ ಕಡೆ ಸಾಲ್ಮೆ ಇದ್ದಳು.
ಒಂದೇ ಸೂರು, ಎರಡು ಬಾಗಿಲು,
ಹಿಮ ಗೋರುವ ಸರದಿಯ ಮೇಲೆ ಮುರಿದ ಮಾತು,
ಹನ್ನೊಂದು ಚಳಿಗಾಲ.
ಅವಳ ಪಿಂಚಣಿ ಕಾಗದವನ್ನೂ ಮೈಮುವೇ ತಂದು
ಪೆಟ್ಟಿಗೆಗೆ ಹಾಕಿ ಹೋಗುತ್ತಿದ್ದಳು, ಬೆಲ್ಲು ಒತ್ತದೆ.

"ರಾಳವೇ ಕೊಡು," ಅಂದಳು.
ಕೊಟ್ಟ. ಬಾಗಿಲವರೆಗೆ ಹೋದಳು.
ವಾಪಸು ಬಂದಳು.
"ಆ ಸರಳು ಎಷ್ಟುದ್ದ?"

ಶನಿವಾರ. ಐದಕ್ಕೇ ಕತ್ತಲು.
ಡ್ರಿಲ್ಲಿನ ಮೂತಿ ಅತ್ತ ಹೊರಬಿದ್ದಾಗ
ಸಾಲ್ಮೆ ಪುಡಿಗೆ ತಟ್ಟೆ ಹಿಡಿದು ನಿಂತಿದ್ದಳಂತೆ
ತುಟಿ ಬಿಚ್ಚದೆ, ಕನ್ನಡಕದ ತುಂಬ ಬೂದಿ.
ನಾಲ್ಕು ತೂತು. ನಾಲ್ಕು ಸರಳು.
"ಬಿಗಿಯಾಯಿತಾ?"
"ಇನ್ನರ್ಧ ಸುತ್ತು ಹೋಗುತ್ತೆ."
"ಸಾಕು, ನಿಲ್ಲಿಸು. ಜಾಸ್ತಿ ಬಿಗಿದರೆ ಪುಡಿಯಾಗುತ್ತಂತೆ."
"ಗೊತ್ತು," ಅಂದಳು ಸಾಲ್ಮೆ.

ಈಗ ಅತ್ತಲಿನ ಒಂದು ನಟ್ಟಿಗೆ
ಈರುಳ್ಳಿಯ ಜಡೆ ನೇತುಬಿದ್ದಿದೆ.
ಇತ್ತ ಮೈಮು ಹಿಡಿಕೆ ಹಿಡಿದು ಏಳುವಾಗ
ಅತ್ತ ಒಂದೆರಡು ಸಿಪ್ಪೆ ಉದುರುತ್ತವೆ.
ಸಾಲ್ಮೆ ಗುಡಿಸುತ್ತಾಳೆ.
ಕೆಲವು ಸಲ, ಗುಡಿಸುವುದಿಲ್ಲ.