ಕರೆದವರ ಪಾಳಿ

ಕಲಬುರಗಿಯ ಏಪ್ರಿಲ್. ಲ್ಯಾಬಿನಲ್ಲಿ ನಾವಿಬ್ಬರೇ,
ಯುಪಿಎಸ್‌ನ ಕೊನೆಯ ಹತ್ತು ನಿಮಿಷ.
ಒಂದು ಫೈಲು ನನ್ನದು, ಒಂದು ಮಿಲಿಂದನದು.
ಕರೆಯುವುದು ನಾನು, 'ಕೂಡಿಸು' ಅವನದು.
ಲಿಂಕರ್ ಒಪ್ಪಲೊಲ್ಲದು:
ಈ ಹೆಸರಿನವರು ಯಾರೂ ಇಲ್ಲಿಲ್ಲ.

"ಹೆಸರು ಅದೇ ಅದಲ್ಲೋ!"
"ನೀ ಬರದದ್ದು ಅದೇ. ಕಂಪೈಲರ್ ಏನ್ ಬರದದ ನೋಡು."
ನನ್ನ ಕಡೆ, ಹೆಸರಿನ ಮುಂದೊಂದು ಅಡಿಗೆರೆ, ಅಷ್ಟೇ.
ಅವನ ಕಡೆ ಅಡಿಗೆರೆಯ ಜೊತೆ ಹಿಂದೊಂದು ಬಾಲ,
ಸುಳಿಯಂಥ ಗುರುತು, ಆಮೇಲೆ ಎಂಟು.
ಎರಡು ಅಂಕಿ, ಎಂಟು ಬೈಟಿನ ಹೊರೆ
ಬಾಗಿಲಲ್ಲೇ ಗೊತ್ತಾಗಲಿ ಅಂತ.

ತಾಟಿನ ಮೇಲೆ ತಾಟು ಇಟ್ಟಂಗ ಸ್ಟ್ಯಾಕು,
ಕಡೆಯದು ಮೊದಲು ಇಳಿಯುತ್ತದೆ.
ಉಂಡ ಮೇಲೆ ಎತ್ತುವವರು ಯಾರು?
ಅವನ ಸೆಟ್ಟಿಂಗಿನಲ್ಲಿ, ಬಂದವನೇ ಎತ್ತಿಟ್ಟು ಹೋಗಬೇಕು.
ನನ್ನದರಲ್ಲಿ, ಕರೆದವರು.
"ಪ್ರಿಂಟ್‌ಎಫ್‌ಗ ಎಷ್ಟು ಮಂದಿ ಬರ್ತಾರ ಗೊತ್ತಿರಂಗಿಲ್ಲ,
ಅದಕ್ಕ ಕರದವರೇ ತೆಗೀಬೇಕು. ನಂದೂ ಹಂಗೇ ಮಾಡ್ತೀನಿ."
ಬಾಲ ಕತ್ತರಿಸಿದ.
ಸ್ಕ್ರೀನು ಕಪ್ಪಾಯಿತು.

ಬ್ರಹ್ಮಪುರದ ನಮ್ಮ ಮನೆ ಹತ್ತಿರ. ಚಾ ಕುಡಿಯೋಣ ಬಾ ಅಂದೆ.
ಅವ್ವ ಕೇಳಿದಳು, "ಹೆಸರೇನಪಾ?"
"ಮಿಲಿಂದ."
"ಅಡ್ಡಹೆಸರು?"
ಅವ ನಕ್ಕ.
ಅವ್ವನೂ ನಕ್ಕು ಒಳಗೆ ಹೋದಳು.
ಕಪಾಟಿನ ಮೇಲಿನ ಸಾಲಿನಲ್ಲಿ
ಏನೋ ಸರಿಸಿದ ಸಪ್ಪಳ.

ಚಾ ಚಲೋ ಇತ್ತು. ಸುಸಲಾನೂ ಮಾಡಿದ್ದಳು.
ನಾನು ಫೋನು ನೋಡುತ್ತಿದ್ದೆ.
ತಲೆ ಎತ್ತುವಷ್ಟರಲ್ಲಿ ಅವ
ನಳದ ಮುಂದೆ ಕುಕ್ಕರುಗಾಲಿನಲ್ಲಿ ಕೂತು
ತನ್ನ ಕಪ್ಪು ತೊಳೆದು
ಶಹಾಬಾದ ಫರಸಿಯ ಮೇಲೆ ಬೋರಲು ಇಟ್ಟಿದ್ದ.
ಯಾರೂ ಹೇಳಿರಲಿಲ್ಲ.
ಯಾರೂ ಬೇಡ ಅನ್ನಲಿಲ್ಲ.
ನಾನೂ.

ಮರುದಿನ ಲಿಂಕರ್ ತುಟಿ ಪಿಟಕ್ಕೆನ್ನಲಿಲ್ಲ.
ಮೂರು, ನಾಲ್ಕು. ಏಳು.
"ನೋಡು, ನಿನ್ನ ಕೋಡೇ ತೆಗದದ," ಅಂದ,
ಕರೆದ ಸಾಲಿನ ಕೆಳಗೆ ಬೆರಳಿಟ್ಟು.
ಸ್ಟ್ಯಾಕಿಗೆ ಎಂಟು ವಾಪಸ್. ಒಂದೇ ಸಾಲು.
ನನಗದು ಬರೆಯಬೇಕಾಗಿಯೂ ಬಂದಿರಲಿಲ್ಲ,
ಕಂಪೈಲರ್ ತಾನೇ ಬರೆದುಕೊಂಡಿತ್ತು.

ಕಪಾಟಿನಲ್ಲಿ ಆರು ಸ್ಟೀಲ್ ಕಪ್ಪು.
ಒಂದೊಂದನ್ನೂ ತಿರುವಿ ತಳ ನೋಡಿದೆ,
ಎಲ್ಲ ಒಂದೇ ಥರ.
ಅವ್ವನಿಗೆ ಗೊತ್ತು, ಯಾವುದು ಅಂತ.