ಎರಡು ಗೋಣಿಚೀಲ

ಬಾನೆಟ್ಟಿನ ಮ್ಯಾಲ ನಕ್ಷೆ ಹಾಸೀವಿ,
ನಾಕು ಮೂಲಿಗಿ ನಾಕು ಪಾನಾ ಇಟ್ಟು.
ಯಾದಗಿರಿ ಸ್ಟೇಷನ್ ಹಿಂದ, ಲಾಡ್ಲೇಸಾಬನ ಗ್ಯಾರೇಜು.
ರೈಲು ಹೋದಾಗೊಮ್ಮೆ ರಾಜಸ್ಥಾನ ಪಟಪಟ ಅಂತದ.

ಎಣ್ಣಿಬೆರಳಿಂದ ಗೆರಿ ಎಳೀತಾನ ಅಂವ:
"ಸೊಲ್ಲಾಪುರ, ಧುಳೆ, ಅಹಮದಾಬಾದ.
ಇಲ್ಲೀತನಾ ಡಾಂಬರು. ಮುಂದ ಅಲ್ಲಾನ ಮರ್ಜಿ, ಮೇಡಂ."
ಮುಂದ ಎಂಬತ್ತು ಮೈಲಿ ಮರಳು.
ಊರಿಲ್ಲ, ಪೆಟ್ರೋಲ್ ಬಂಕಿಲ್ಲ, ಹೆಸರಿಲ್ಲ.
ನಕ್ಷೆದಾಗ ಆ ಜಾಗಾ ಬೆಳ್ಳಗ ಖಾಲಿ ಇತ್ತು,
ಈಗ ಲಾಡ್ಲೇಸಾಬನ ಹೆಬ್ಬೆಟ್ಟು ಅದ.

ಹದಿನಾಕು ವರ್ಷ ಆಯ್ತು ನಾ ಡ್ರೈವಿಂಗ್ ಕಲಸಲಿಕ್ಕತ್ತು.
ಹತ್ತಿಕುಣಿ ರೋಡಿಗಿ, ಬೆಳಗ್ಗೆ ಆರಕ್ಕ,
ಬ್ಯಾಂಕಿನವರಿಗಿ, ಮದಿವಿ ಗೊತ್ತಾದ ಹುಡುಗೇರಿಗಿ
ಒಂದೇ ಮಾತು: ನಿಧಾನ. ಕ್ಲಚ್ ಒತ್ತು. ನಿಧಾನ.
ನನ್ನ ಕಾಲಿನ ಕೆಳಗೂ ಒಂದು ಬ್ರೇಕ್ ಇರ್ತದ,
ಮಂದಿ ಅಂಜಿಕಿಗಂತ ಹಾಕಿಸಿದ್ದು.
ಈ ಜೀಪಿನ್ಯಾಗ ಅದಿಲ್ಲ.

ಫಾರೆಸ್ಟಿನವರ ಹರಾಜಿನ್ಯಾಗ ಹಿಡಿದ ಜೀಪು ಇದು.
ಸೀಟಿನ ಹೊಟ್ಟ್ಯಾಗ ಇಲಿ ಮರಿ ಹಾಕಿತ್ತು.
ಎಳ್ಳಮಾಸಿಗಿ ಹೊಲದಾಗ ಚರಗಾ ಚೆಲ್ಲಿ
ಮರುದಿನ ನಸಿಕಿನ್ಯಾಗ ಹೊರಡೂದು ಅಂತ ಠರಾವು.
ಸಜ್ಜಿ ರೊಟ್ಟಿ ಅರವತ್ತು, ಶೇಂಗಾ ಹಿಂಡಿ ಎರಡು ಡಬ್ಬಿ,
ನೀರಿನ ಲೆಕ್ಕ ನೀಲಗಂಗಾಂದು.
ನೀಲಗಂಗಾ ಸರಕಾರಿ ದವಾಖಾನಿ ನರ್ಸು,
ಮನಿಷಾಗ ದಿನಕ್ಕ ಆರು ಲೀಟರು ಅಂತ ಬರದು
ಕೆಳಗ ಗೆರಿ ಹೊಡದಾಳ, ಸಲಾಯಿನ್ ಚೀಟಿ ಬರದಂಗ.
ಆಕಿ ರಜಾ ಇನ್ನೂ ಮಂಜೂರಾಗಿಲ್ಲ.

"ಮರಳಿಗಿ ಹೋಗೋಕಿಂತ ಮೊದಲು ಟೈರಿನ ಗಾಳಿ ಬಿಡ್ಬೇಕು,
ಮೂವತ್ತು ಇದ್ದದ್ದು ಹದಿನೈದಕ್ಕ.
ಒಂಟಿ ಪಾದದಂಗ ಅಗಲಾಗ್ಬೇಕು ಅದು."
ಜಲಮೆಲ್ಲಾ ಗಾಳಿ ತುಂಬಿ ಹೊಟ್ಟಿ ಹೊರದಂವ
ಈಗ ಗಾಳಿ ಬಿಡೂದು ಕಲಸ್ತಾನ ನನಗ.
ಕಲಿಸೂದು ನನ್ನ ಕಸಬು, ಕಲಿಯೂದು ಮರತೋಗ್ಯಾದ.

ಎರಿಮಣ್ಣಿನವರಿಗಿ ಸಿಕ್ಕೊಳ್ಳೂದು ಹೊಸಾದಲ್ಲ.
ಮೃಗಶಿರಾ ಮಳಿ ಬಿತ್ತಂದ್ರ
ಚಪ್ಪಲ ಕಸ್ಕೋತದ ಎರಿ, ಎತ್ತಿನ ಕಾಲು ಕಸ್ಕೋತದ,
ಜಿದ್ದಿನ ಮಣ್ಣು ಅದು, ಹಿಡಿದದ್ದು ಬಿಡಂಗಿಲ್ಲ.
ಮರಳು ಹಿಡಿಯಂಗೇ ಇಲ್ಲ.
ಏನು ಭಾರ ಇಟ್ರೂ ಹೂಂ ಅಂತದ, ಸರೀತದ.
ಹಂಗ ಹೂಂ ಅನ್ನೋರ ಜೋಡಿ ಬಾಳೇವು ಮಾಡೀನಿ ನಾ,
ಅದು ಬ್ಯಾರೆ ಮಾತು.

ಐತವಾರ ಭೀಮಾ ಹೊಳಿಗಿ ಇಳಿಸಿದ್ದೆ ಜೀಪ.
ಬ್ಯಾಸಿಗಿ, ನೀರು ಆಚಿ ದಂಡಿಗಿ ಸರದಿತ್ತು.
ಮೂವತ್ತು ಮಾರು ಹೋಗಿರಬೇಕು.
ಹಿಂದಿನ ಗಾಲಿ ಗುಂಯ್ ಅಂತ ತಿರುಗಿ
ತನ್ನ ಕುಣಿ ತಾನೇ ತೋಡ್ಕೊಂಡು ಕುಂತ್ವು.
ಕಾಲು ತಾನಾಗಿ ಬ್ರೇಕ್ ಒತ್ತಿತು.
ನಿಂತ ಗಾಡಿಗಿ ಬ್ರೇಕ್.

ಹೊಳಿಯೊಳಗ ಕಲ್ಲಂಗಡಿ ಹಾಕಿದ ಸಾಬಮ್ಮ
ಬಳ್ಳಿ ದಾಟ್ಕೋತ ಬಂದಳು, ನಗಲಿಲ್ಲ.
"ಒದರಸ್ಬ್ಯಾಡ ಅದಕ್ಕ. ಕೆಳಗ ಏನರೆ ಹಾಸು."
ಗುಡಸಲದಿಂದ ಎರಡು ಗೋಣಿಚೀಲ ತಂದು
ನೀರಾಗ ಅದ್ದಿ ಗಾಲಿ ಬುಡಕ್ಕ ತುರುಕಿದಳು,
ಕೂಸಿನ ಕೆಳಗ ಅರಿವಿ ಸರಿಸಿದಂಗ.
ಒಂದು ತೊಗರಿದು, ಒಂದು ಯೂರಿಯಾದ್ದು.
ಜೀಪು ಎದ್ದು ಬಂತು.

ಎಲ್ಲಿಗಂತ ಕೇಳಿದಳು. ಹೇಳಿದೆ.
"ಅಷ್ಟು ದೂರ ಮರಳಿಗೇನ್ ಹೋಗ್ತಿ, ಇಲ್ಲಿ ಕಮ್ಮಿ ಬಿತ್ತೇನು?"
ಕಾರಣ ಹುಡುಕಿದೆ. ಗಂಟಲಾಗ ಉಸುಕು.
"ಅಲ್ಲಿ ಆಚಿ ದಂಡಿ ಕಾಣಂಗಿಲ್ಲಂತ, ಅವ್ವಾ."
ಕೈ ಅಡ್ಡ ಹಿಡಿದು ಹೊಳಿ ನೋಡಿದಳು ಆಕಿ,
ಭಾಳ ಹೊತ್ತು, ಎಷ್ಟು ಅಗಲ ಅದ ಅಂತ
ಅವತ್ತೇ ಮೊದಲ ನೋಡ್ದಂಗ.
"ಚೀಲ ಒಯ್ಯಿ. ತಿರುಗಿ ತಂದುಕೊಡು ಮತ್ತ.
ಕಾಯಿ ತುಂಬಲಿಕ್ಕ ಬೇಕು ನನಗ."

ಪಾನಾ ಎತ್ತಿ ನಕ್ಷೆ ಮಡಚಲಿಕ್ಕತ್ತಾನ ಲಾಡ್ಲೇಸಾಬ.
ಸಾಮಾನಿನ ಯಾದ್ಯಾಗ ಹಗ್ಗ, ಸಲಿಕಿ, ಜಾಕಿನ ಕೆಳಗ
ಬರದೀನಿ: ಗೋಣಿಚೀಲ ಎರಡು (ಉದ್ರಿ).
ರೇಡಿಯೇಟರ್ ಇನ್ನೂ ಸೋರ್ತದ.